ಕಾಯಿ ಕಟ್ಟಿದ ಹುಕ್ಕು

ಹಿಂದಿನ ಎರಡೂ ಗಾಲಿ ಹೂತುಹೋದವು. ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿದೆ. ಪಿಕಪ್ ಗಾಡಿ ಮುಂದೆ ಬರಲಿಲ್ಲ, ನಾಲ್ಕು ಬೆರಳು ಕೆಳಗೆ ಇಳಿಯಿತು. ಬಾಗಿಲು ತೆಗೆದು ಕಾಲಿಟ್ಟೆ, ಚಪ್ಪಲಿ ಅಲ್ಲೇ ಉಳಿಯಿತು. ಸಗರ ಊರಿನ ಕಪ್ಪು ಎರೆಮಣ್ಣು. ಒಣಗಿದರೆ ಕಲ್ಲು, ಒಂದು ಮಳೆ ಬಿದ್ದರೆ ಅಂಟು.

ಹಿಂದೆ ಮೆಣಸಿನ ಸಸಿಯ ಟ್ರೇಗಳು ತುಂಬಿದ್ದವು. ಬೆಳಿಗ್ಗೆ ನರ್ಸರಿಯಿಂದ ಎತ್ತಿದ್ದು. ಒಂದೊಂದು ಸಸಿಯ ಬುಡದಲ್ಲಿ ಚಿಟಿಕೆಯಷ್ಟು ಮಣ್ಣು. ತಾಡಪಲ್ ಹೊದಿಸಿದರೆ ಬೇಯುತ್ತವೆ, ತೆಗೆದರೆ ಬಾಡುತ್ತವೆ. ಬಿಸಿಲು ನೆತ್ತಿಗೆ ಬರುವ ಮೊದಲು ಹೊಲಕ್ಕೆ ಮುಟ್ಟಿಸುತ್ತೇನೆ ಅಂತ ಹೊಲದ ಮುದುಕಿಗೆ ನಾನೇ ಮಾತು ಕೊಟ್ಟಿದ್ದೆ. ಹೊಲ ಇನ್ನೂ ಒಂದು ಮೈಲಿ ಇತ್ತು.

ನನ್ನ ಪಕ್ಕ ಕೂತಿದ್ದವನು ಮಾವ, ಅಂದರೆ ಅಕ್ಕನ ಗಂಡ. ಗಾಡಿ ಅವನದು, ಓಡಿಸುವವನು ನಾನು. ಅವನು ಇಳಿಯಲೇ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಟನ್ ಟೈರ್ ಹಾಕ್ಸೀನಿ ಅಂದಿದ್ದಿ. ಎಲ್ಲೋತು ನಿನ್ನ ಬಟನ್?" ಅಂದ.

ದಪ್ಪ ಉಬ್ಬುಗಳ ಆ ಬಟನ್ ಟೈರಿನ ಸಂದೆಲ್ಲ ಅಂಟು ಮಣ್ಣು ತುಂಬಿತ್ತು. ಕೂತು ಹಿಂದಿನ ಟೈರಿನ ಗಾಳಿ ಅರ್ಧ ಬಿಟ್ಟೆ. ಟೈರ್ ಅಗಲವಾದರೆ ಮಣ್ಣು ಹಿಡಿಯುತ್ತದೆ. ಬದುವಿನ ಮೇಲಿದ್ದ ತೊಗರಿ ಕಟ್ಟಿಗೆ ತಂದು ಗಾಲಿಯ ಬುಡಕ್ಕೆ ತುರುಕಿದೆ. ಆಗಲಿಲ್ಲ. ಹಿಂದಿನ ಅಚ್ಚಿನ ಹೌಸಿಂಗ್ ಮಣ್ಣಿನ ಮೇಲೆ ಕೂತಿತ್ತು. ಯಾರಾದರೂ ಎಳೆಯಲೇಬೇಕು. ಹಿಂದೆ ಕಾಲುವೆ, ಹಾಗಾಗಿ ಮುಂದಕ್ಕೇ ಎಳೆಯಬೇಕು.

ಗಾಡಿಯ ಮುಂದೆ ಸರಪಳಿ ಹಾಕಿ ಎಳೆಯುವ ಹುಕ್ಕು ಇತ್ತು. ಸಿಟ್ಟು ಬರುವುದು ಇಲ್ಲೇ.

ಆ ಹುಕ್ಕು ಮಾಡಿದವರು ಶಹಾಪುರದ ಮಿಸ್ತ್ರಿ ಚಾಚಾ. ಹೋದ ವರ್ಷ ಗಾಡಿಯನ್ನು ಹೊಲದ ದಾರಿಗೆ ತಯಾರು ಮಾಡಲು ಅವರ ಹತ್ತಿರ ಬಿಟ್ಟಿದ್ದೆ. ಹಿಂದಿನ ಸ್ಪ್ರಿಂಗಿಗೆ ಒಂದು ಪಾಟಾ ಹೆಚ್ಚು ಹಾಕಿ ಗಾಡಿ ಎತ್ತರಿಸಿದರು. ಹಳ್ಳ ದಾಟುವಾಗ ಹೌಸಿಂಗಿಗೆ ನೀರು ಹೋಗಬಾರದು ಅಂತ ಅದರ ಉಸಿರಿನ ಪೈಪು ಮೇಲಕ್ಕೆ ತಂದರು. ಕೊನೆಗೆ ಲಾರಿಯ ದಪ್ಪ ತಗಡು ಕತ್ತರಿಸಿ ಹುಕ್ಕು ಮಾಡಿ ಚಾಸಿಗೆ ಬೋಲ್ಟ್ ಹಾಕಿದರು. "ಬೇಟಾ, ಗಾಡಿ ಮುರೀತದ, ಇದು ಮುರ್ಯಲ್ಲ," ಅಂದರು. ನಾನು ವಾರಕ್ಕೊಮ್ಮೆ ಕೆಳಗೆ ಮಲಗಿ ಗ್ರೀಸ್ ಹೊಡೆಯುತ್ತಿದ್ದೆ. ಬ್ರೇಕ್ ಡ್ರಮ್ಮಿನೊಳಗೆ ಒಣಗಿದ ಎರೆಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯುತ್ತಿದ್ದೆ. ಮಾವ ಒಂದು ದಿನವೂ ಕೆಳಗೆ ಬಗ್ಗಿ ನೋಡಿದವನಲ್ಲ.

ಖಂಡೇನವಮಿಯ ಆಯುಧಪೂಜೆ ಬಂತು. ಗಾಡಿ ತೊಳೆದು ಸುರಪುರದಲ್ಲಿ ಮಾವನ ಮನೆಯ ಮುಂದೆ ನಿಲ್ಲಿಸಿದೆ. ಮಾವನ ತಾಯಿ, ನಾನು ಅತ್ತಿ ಅನ್ನುತ್ತೇನೆ, ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಸುತ್ತಿ ತಂದಳು. ಎಲ್ಲಿ ಕಟ್ಟಲಿ ಅಂತ ಗಾಡಿಯ ಮುಂದೆ ನೋಡಿದಳು. ಹುಕ್ಕು ಕಂಡಿತು. ಗಟ್ಟಿಯಾಗಿದೆ ಅಂತ ಅದಕ್ಕೇ ಮೂರು ಗಂಟು ಹಾಕಿ ಕಟ್ಟಿದಳು, ಅರಿಶಿನ ಬಳಿದಳು.

"ಇನ್ನ ಇದಕ್ಕ ಸರಪಳಿ ಗಿರಪಳಿ ಹಾಕಬ್ಯಾಡ್ರಿ. ದೇವ್ರು ಕುಂತಾನ," ಅಂದಳು.

ನಾನೂ ಅಲ್ಲೇ ಇದ್ದೆ. ಕೈ ಮುಗಿದೆ. ಬಾಯಿ ಬಿಡಲಿಲ್ಲ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಮಾವ ಇನ್ನೊಂದು ಹೆಜ್ಜೆ ಮುಂದೆ ಹೋದ. ಕಾಯಿಗೆ ಏನೂ ತಾಗಬಾರದು ಅಂತ ಯಾದಗಿರಿಯಲ್ಲಿ ಹೊಳೆಯುವ ಪೈಪಿನ ಬಂಪರ್ ಮಾಡಿಸಿ ಅದರ ಸುತ್ತ ಕೂಡಿಸಿದ. ಚಾಚಾ ನೋಡಿ ನಕ್ಕರು. "ಹುಕ್ಕು ಗಾಡಿ ಕಾಯ್ತದ ಅಂತ ಮಾಡಿದ್ದೆ. ಈಗ ಹುಕ್ಕಿಗೇ ಕಾವಲು ಇಟ್ಟಾನ ನಿಮ್ಮ ಮಾವ."

ಆಮೇಲೆ ಎರಡು ಸಲ ಸಿಕ್ಕಿಕೊಂಡಾಗ ಹಿಂದಿನಿಂದ ಎಳೆಸಿಕೊಂಡು ಪಾರಾಗಿದ್ದೆ. ಸಗರದಲ್ಲಿ ಅದಕ್ಕೆ ದಾರಿ ಇರಲಿಲ್ಲ.

ಮುದುಕಿ ಹೊಲದ ಕಡೆಯಿಂದ ನಡೆದು ಬಂದಳು. ಜೊತೆಗೆ ನಾಲ್ಕು ಮಂದಿ ಹೆಣ್ಣಾಳು, ಹಿಂದೆ ಪಕ್ಕದ ಹೊಲದವನ ಟ್ರ್ಯಾಕ್ಟರ್. ಅದಕ್ಕೆ ಟ್ರೇಲರ್ ಇರಲಿಲ್ಲ, ಮಣ್ಣು ಪುಡಿ ಮಾಡುವ ರೂಟರ್ ಇತ್ತು. ಮೂವರು ಹೆಣ್ಣಾಳುಗಳು ಟ್ರೇ ತಲೆಯ ಮೇಲೆ ಹೊತ್ತು ಮೊಣಕಾಲುದ್ದ ಕೆಸರಿನಲ್ಲಿ ಹೊರಟರು, ಒಬ್ಬಳು ಟ್ರೇ ಇಳಿಸಲು ನಿಂತಳು. ಹಾಗೆ ಹೊತ್ತರೆ ಸಂಜೆಯಾಗುತ್ತಿತ್ತು. ಟ್ರ್ಯಾಕ್ಟರಿನವನು ರೂಟರ್ ಬಿಚ್ಚಿ ಸರಪಳಿ ಎಸೆದ.

"ಬಂಪರಿಗಿ ಹಾಕು," ಅಂದ ಮಾವ.

"ಮಾವಾ, ಅದು ಶೋಕಿಗಿ ಮಾಡ್ಸಿದ್ದು. ಕಿತ್ತು ಬರ್ತದ. ಹುಕ್ಕಿಗಿ ಹಾಕಾಮಿ."

"ಅವ್ವ ಕಾಯಿ ಕಟ್ಟ್ಯಾಳ. ಮನಿಗಿ ಹೋಗಿ ನಾ ಏನಂತ ಹೇಳ್ಲಿ?"

"ಸಸಿ ಸಾಯಾಕತ್ತಾವು ಅಂತ ಹೇಳು."

"ಗಾಡಿ ನಂದು. ಬಂಪರಿಗಿ ಹಾಕು ಅಂದ್ನೆಲ್ಲ."

ಹಾಕಿದೆ. ಟ್ರ್ಯಾಕ್ಟರ್ ಒಂದು ಜಗ್ಗು ಜಗ್ಗಿತು. ವೆಲ್ಡಿಂಗ್ ಟಪ್ ಅಂತ ಬಿಟ್ಟಿತು. ಬಂಪರ್ ಎಡಗಡೆ ದೀಪ ಒಡೆದುಕೊಂಡು ಟ್ರ್ಯಾಕ್ಟರಿನ ಹಿಂದೆ ಕೆಸರಿನಲ್ಲಿ ಜಾರಿಕೊಂಡು ಹೋಯಿತು. ಗಾಡಿ ಇದ್ದಲ್ಲೇ ಇತ್ತು. ಕಾಯಿ ತೂಗಾಡುತ್ತಿತ್ತು.

ಮುದುಕಿ ತಾಡಪಲ್ ಎತ್ತಿ ನೋಡಿದಳು. ಮೇಲಿನ ಟ್ರೇಗಳ ಸಸಿ ಆಗಲೇ ತಲೆ ಬಗ್ಗಿಸಿದ್ದವು. ಬೈಯಲಿಲ್ಲ. "ಏನ್ ತಮ್ಮಾ, ದೇವ್ರು ಆರಾಮ್ ಕುಂತಾನ. ನನ್ನ ಸಸಿ ಅಷ್ಟ ಹೊಂಟಾವ," ಅಂದಳು.

ನಾನು ಟ್ರೇ ಇಳಿಸುತ್ತಿದ್ದ ಹೆಣ್ಣಾಳಿನ ಸೊಂಟದಿಂದ ಕುಡುಗೋಲು ಕಸಿದುಕೊಂಡೆ. ಮಾವ ಈಗ ಇಳಿದು ಬಂದು ತೋಳು ಹಿಡಿದ. ಕೊಡವಿದೆ, ಕೆಸರಿನಲ್ಲಿ ಕೂತ. ಮೂರೂ ಗಂಟು ಕೊಯ್ದೆ. ಕೈಗೆ ಬಂದ ಕಾಯಿಯನ್ನು ಎಲ್ಲಿ ಇಡಬೇಕು ತಿಳಿಯಲಿಲ್ಲ. ಮುದುಕಿಯೇ ಸೆರಗು ಒಡ್ಡಿದಳು. "ಇತ್ತ ಹಾಕು, ನನ್ನ ಉಡ್ಯಾಗ ಇರ್ಲಿ. ನೀ ಸರಪಳಿ ಹಾಕು."

ಹುಕ್ಕಿಗೆ ಹಾಕಿದೆ. ಒಂದೇ ಜಗ್ಗಿಗೆ ಗಾಡಿ ಎದ್ದು ಬಂತು. ಹುಕ್ಕು ಕೂದಲೆಳೆಯಷ್ಟೂ ಬಾಗಲಿಲ್ಲ.

ಹೊಲ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಕೆಳಗಿನ ಟ್ರೇಗಳ ಸಸಿ ನಾಟಿದರು, ಅವು ಹಿಡಿದವು. ಮೇಲಿನವು ಹೋದವು. ಮುದುಕಿ ಬಾಡಿದವನ್ನು ಒಂದೊಂದಾಗಿ ತೆಗೆದು ಬದುವಿನ ಮೇಲೆ ಇಟ್ಟಳು. ನಾನು ಅವಳ ಮುಖ ನೋಡದೆ ಗಾಡಿ ತಿರುಗಿಸಿದೆ.

ಮನೆಯಲ್ಲಿ ಮಾವ, "ಕೆಸರಾಗ ಕಾಯಿ ತಾನೇ ಬಿತ್ತವ್ವ," ಅಂದ. ಅತ್ತಿ ನಂಬಿದಳು. ಮರುದಿನ ಬೆಳಿಗ್ಗೆ ನಾನು ಗಾಡಿಯ ಹತ್ತಿರ ಬಂದರೆ ಹುಕ್ಕಿಗೆ ಹೊಸ ಕಾಯಿ. ಈ ಸಲ ಐದು ಗಂಟು.

ಅತ್ತಿಯನ್ನು ಹೊರಗೆ ಕರೆದೆ. ಕಾಯಿ ನಾನೇ ಕೊಯ್ದೆ ಅಂತ ಹೇಳಿದೆ. ಯಾಕೆ ಅಂತಲೂ ಹೇಳಿದೆ. ಅವಳ ಕಣ್ಣ ಮುಂದೆಯೇ ಐದೂ ಗಂಟು ಬಿಚ್ಚಿ, ಕಾಯಿಯನ್ನು ಒಳಗೆ ಸ್ಟೀರಿಂಗಿನ ಮೇಲಿನ ಕನ್ನಡಿಗೆ ಕಟ್ಟಿದೆ. "ದೇವ್ರು ಇಲ್ಲಿ ಕುಂದರ್ಲಿ. ಹುಕ್ಕಿಗಿ ಕಟ್ಟಿದ್ರ ಗಾಡಿ ನಿಮ್ಮ ಮಗನೇ ಓಡಸ್ಲಿ," ಅಂದೆ.

ಅತ್ತಿ ಒಳಗೆ ಹೋದಳು. ಮಾವ ಇವತ್ತಿನವರೆಗೂ ನನ್ನ ಜೊತೆ ಮಾತಾಡಿಲ್ಲ, ಗಾಡಿಯ ಕೀಲಿಯನ್ನೂ ವಾಪಸ್ ಕೇಳಿಲ್ಲ. ಹುಕ್ಕು ಖಾಲಿ ಇದೆ. ನಾನು ಹೇಳುವುದು ಇಷ್ಟೇ, ಮುಂದೇನೂ ಇಲ್ಲ.