ಒಂದು ರಿಂಗ್ ಕೊಡಿ, ಸಾಕು

ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸಿಡಿಮದ್ದು. ಕೆಲಸ ಲಿಫ್ಟ್ ರಿಪೇರಿ. ಹನ್ನೊಂದು ಕಟ್ಟಡಗಳ ಮುದಿ ಲಿಫ್ಟುಗಳನ್ನು ಇಪ್ಪತ್ತಾರು ವರ್ಷದಿಂದ ಬೈದು ಬೈದೇ ಓಡಿಸಿಕೊಂಡು ಬಂದಿದ್ದ. ಗ್ರೀಸ್ ಹಚ್ಚುವಾಗ ಮೋಟಾರಿಗೆ ಬೈಗುಳ, ಸ್ಕ್ರೂ ಜಾರಿ ಬಿದ್ದರೆ ಸ್ಕ್ರೂ ಮಾಡಿದವನ ವಂಶಕ್ಕೆ ಬೈಗುಳ, ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಹರಟೆ ಹೊಡೆಯುವವರಿಗೆ ಮುಖದ ಮೇಲೇ ಮಂಗಳಾರತಿ. ಆದರೂ ಜನ ಅವನನ್ನು ಬಿಟ್ಟು ಬೇರೆಯವರನ್ನು ಹುಡುಕಲಿಲ್ಲ. ಕಾರಣ ಒಂದೇ, ಅವನು ಕರೆದರೆ ಬರುತ್ತಿದ್ದ.

ಹೇಗೆ ಕರೆಯಬೇಕೆಂದು ಹೇಳಿಕೊಟ್ಟವನೂ ಅವನೇ. ಆ ಕಟ್ಟಡಗಳಲ್ಲಿ ಲಿಫ್ಟಿನ ಅಲಾರಂ ಕೆಟ್ಟು ಯಾವ ಕಾಲವಾಗಿತ್ತೋ. ಹೊಸದು ಹಾಕಿಸಿ ಎಂದರೆ ಮಾಲೀಕರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಪ್ರತಿ ಲಿಫ್ಟಿನೊಳಗೂ ಅವನು ತನ್ನ ಕೈಬರಹದ ಹಳದಿ ಚೀಟಿ ಅಂಟಿಸಿದ್ದ. "ಲಿಫ್ಟ್ ನಿಂತರೆ ಗಾಬರಿ ಬೇಡ. ಫೋನನ್ನು ಬಾಗಿಲ ಸಂದಿಗೆ ಹಿಡಿದು ಒಂದು ರಿಂಗ್ ಕೊಡಿ, ಸಾಕು. ನಾನೇ ಕರೆ ಮಾಡುತ್ತೇನೆ." ಕೆಳಗೆ ಅವನ ನಂಬರು. ಆ ಕಬ್ಬಿಣದ ಡಬ್ಬಿಯೊಳಗೆ ಸಿಗ್ನಲ್ ಒಂದು ಗಳಿಗೆ ಬಂದು ಮಾಯವಾಗುತ್ತದೆ, ಒಂದು ರಿಂಗಿಗಿಂತ ಹೆಚ್ಚಿಗೆ ಯಾರಿಂದಲೂ ಆಗುತ್ತಿರಲಿಲ್ಲ. ಹೊರಗಿನಿಂದ ಬಂದ ಕರೆ ಮಾತ್ರ ಬಾಗಿಲ ಸಂದಿಯಲ್ಲಿ ಹೇಗೋ ನಿಲ್ಲುತ್ತಿತ್ತು.

ಅದಕ್ಕೆ ತಕ್ಕ ಹಾಗೆ ಅವನು ಎರಡು ನೇಮ ಇಟ್ಟುಕೊಂಡಿದ್ದ. ಒಂದು ರಿಂಗ್ ಆಗಿ ನಿಂತಿತೋ, ನಂಬರು ಯಾರದೆಂದು ನೋಡುತ್ತಾ ಕೂರದೆ ತಕ್ಷಣ ತಿರುಗಿ ಕರೆ ಮಾಡುವುದು. ಸಿಕ್ಕಿಕೊಂಡವರು ಹೊರಗೆ ಕಾಲಿಡುವ ತನಕ ಕರೆ ಕಟ್ ಮಾಡದಿರುವುದು. ಕತ್ತಲ ಡಬ್ಬಿಯಲ್ಲಿ ನಿಂತವರಿಗೆ ಗಾಳಿಗಿಂತ ಮೊದಲು ಬೇಕಾಗುವುದು ಒಂದು ಮನುಷ್ಯನ ದನಿ ಎಂದು ಅವನಿಗೆ ಗೊತ್ತಿತ್ತು. ಲೋಕವನ್ನೆಲ್ಲ ಬೈಯುವ ಸಿಡಿಮದ್ದು ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ಮಾತ್ರ ಒಂದು ದಿನವೂ ಬೈದದ್ದಿಲ್ಲ. ಅವನ ಬಾಳಿನಲ್ಲಿ ಹೆಮ್ಮೆ ಪಡುವಂಥದ್ದು ಅಂತ ಇದ್ದರೆ ಆ ಚೀಟಿಯ ಮೇಲಿನ ಮಾತು ಒಂದೇ.

ಆ ಮಧ್ಯಾಹ್ನ ಅವನು ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿದ್ದ. ಎರಡೂ ಕೈಗೆ ಮೊಣಕೈತನಕ ಗ್ರೀಸು. ಜೇಬಿನಲ್ಲಿ ಫೋನು ಒಂದು ರಿಂಗ್ ಆಗಿ ನಿಂತಿತು. ಬೆರಳ ಗೆಣ್ಣಿನಿಂದ ಒತ್ತಿ ತಿರುಗಿ ಕರೆ ಮಾಡಿದ. ಆ ಕಡೆ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಹೆದರ್ಬೇಡ ತಾಯಿ, ನಾನಿದ್ದೀನಿ. ಯಾವ ಬಿಲ್ಡಿಂಗು ಹೇಳು."

ಅಳು. ಉಸಿರು. "ಹಲೋ... ಹಲೋ..." ಮತ್ತೆ ಅಳು.

"ಸರಿ, ಮಾತಾಡ್ಬೇಡ, ನೆಲದ ಮೇಲೆ ಕೂತ್ಕೋ. ಬಾಗಿಲು ಮಾತ್ರ ತಳ್ಬೇಡ. ಬಂದೇಬಿಟ್ಟೆ."

ಫೋನನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಂಡು ಸ್ಕೂಟರ್ ಹತ್ತಿದ. ಕಟ್ಟಡದಿಂದ ಕಟ್ಟಡಕ್ಕೆ ಓಡಿದ. ಎಲ್ಲ ಕಡೆಯೂ ಲಿಫ್ಟು ಸರಿಯಾಗೇ ಇತ್ತು, ಕಾವಲುಗಾರರು ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು. ದಾರಿಯುದ್ದಕ್ಕೂ ಅವನು ಆಕೆಗೆ ಸಮಾಧಾನ ಹೇಳುತ್ತಲೇ ಇದ್ದ. ನಲವತ್ತೇಳು ನಿಮಿಷವಾದ ಮೇಲೆ, ಒಂಬತ್ತನೆಯ ಕಟ್ಟಡದ ಮೆಟ್ಟಿಲ ಮೇಲೆ, ಕರೆ ತಾನಾಗಿ ಕಡಿದುಹೋಯಿತು. ಆಕೆಗೆ ಏನಾಯಿತೋ ಎಂದು ಅವನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನವೂ ಅದೇ ರಿಂಗು, ಅದೇ ಅಳು. ಅದರ ಮರುದಿನವೂ. ನಾಲ್ಕನೆಯ ದಿನ ಅವನ ಫೋನಿನಿಂದ ಹೊರಹೋಗುವ ಕರೆಗಳೇ ನಿಂತವು.

ಫೋನ್ ಕಂಪನಿಯ ಕಚೇರಿಯಲ್ಲಿ ಟೋಕನ್ ಹಿಡಿದು ಕೂತಾಗಲೇ ಅವನ ಪಿತ್ತ ನೆತ್ತಿಗೇರಿತ್ತು. ಕೌಂಟರಿನ ಕನ್ನಡಕದ ಹುಡುಗಿ ಬಿಲ್ಲನ್ನು ಅವನ ಮುಂದೆ ಸರಿಸಿದಳು. ಅವನ ಎರಡು ತಿಂಗಳ ದುಡಿಮೆ ಅದರಲ್ಲಿತ್ತು.

"ಇದು ಹೊರದೇಶದ ನಂಬರು ಸಾರ್. ಒಂದು ರಿಂಗ್ ಕೊಟ್ಟು ಕಟ್ ಮಾಡ್ತಾರೆ. ನೀವು ವಾಪಸ್ ಮಾಡಿದ್ರೆ ನಿಮಿಷ ನಿಮಿಷಕ್ಕೂ ಚಾರ್ಜ್ ಬೀಳತ್ತೆ, ಅದರಲ್ಲಿ ಅವರಿಗೂ ಪಾಲು."

"ಒಬ್ಬಳು ಅಳ್ತಾ ಇದ್ಳು ಕಣಮ್ಮ!"

"ಅದು ರೆಕಾರ್ಡಿಂಗ್ ಸಾರ್. ನೀವು ಬೇಗ ಫೋನ್ ಇಡಬಾರ್ದು ಅಂತ ಹಾಗೆ ಮಾಡಿಟ್ಟಿರ್ತಾರೆ."

ನಲವತ್ತೇಳು ನಿಮಿಷ, ಒಂಬತ್ತು ಕಟ್ಟಡ, ತಾಯಿ ಎಂದು ಕರೆದದ್ದು, ಎಲ್ಲವೂ ಒಂದು ಯಂತ್ರಕ್ಕೆ. ದುಡ್ಡು ಹೋದದ್ದಕ್ಕಿಂತ ಅದು ಅವನನ್ನು ಸುಟ್ಟಿತು. ತನಗೆ ಟೋಪಿ ಹಾಕಿದವನ ಕುತ್ತಿಗೆ ಹಿಸುಕಬೇಕೆನಿಸಿತು. ಆ ಕುತ್ತಿಗೆ ಯಾವ ದೇಶದಲ್ಲಿತ್ತೋ, ಎದುರಿಗಿದ್ದದ್ದು ಈ ಹುಡುಗಿ.

"ನೀವೂ ಅವರೂ ಸೇರ್ಕೊಂಡೇ ತಿಂತಿದ್ದೀರಿ! ಕಳ್ಳರ ಸಂತೆ ಇದು!"

"ಸಾರ್, ಇನ್ಮೇಲೆ ಹಾಗಾಗ್ದೇ ಇರೋಕೆ ಒಂದು ಹೇಳ್ತೀನಿ, ಸ್ವಲ್ಪ ಕೇಳಿ..."

"ಏನೂ ಹೇಳ್ಬೇಡ. ನಿನ್ನ ಬುದ್ಧಿ ನಿನ್ನ ಹತ್ರಾನೇ ಇಟ್ಕೋ!"

ಬಿಲ್ಲಿನ ಹಣವನ್ನು ಕಂತಿನಲ್ಲಿ ಕಟ್ಟಲು ಒಪ್ಪಿ, ಬಾಗಿಲಿಗೆ ಒಂದು ಒದೆ ಕೊಟ್ಟು ಹೊರಬಿದ್ದ. ಅದು ತಾನಾಗಿ ತೆರೆದು ಮುಚ್ಚುವ ಗಾಜಿನ ಬಾಗಿಲು, ಒದೆಯೂ ದಕ್ಕಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು ಒಗೆದ ಬಟ್ಟೆ ಮಡಿಸುತ್ತಲೇ ಅಂದಳು, "ದುಡ್ಡು ಹೋಗ್ಲಿ ಬಿಡ್ರಿ. ನಂಗೆ ಹೊಟ್ಟೆ ಉರಿಯೋದು ಬೇರೇದಕ್ಕೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಜೊತೆ ನಲವತ್ತೇಳು ನಿಮಿಷ ಬೈಯದೇ ಮಾತಾಡಿದ್ದೀರಾ?" ಅವನ ಜೊತೆ ಕೆಲಸ ಮಾಡುವ ಅವಳ ತಮ್ಮನಂತೂ ಇದಕ್ಕೆ ಉಪ್ಪುಖಾರ ಹಚ್ಚಿ ಚಹಾದಂಗಡಿಯಲ್ಲೆಲ್ಲ ಹಂಚಿದ. ಮರುದಿನದಿಂದ ಸಿಡಿಮದ್ದು ಅಲ್ಲಿ ಕಾಲಿಟ್ಟರೆ ಸಾಕು, ಯಾವುದಾದರೊಂದು ಮೂಲೆಯಿಂದ "ಹೆದರ್ಬೇಡ ತಾಯಿ, ನಾನಿದ್ದೀನಿ" ಎಂದು ಕೀರಲು ದನಿ ಬರುತ್ತಿತ್ತು. ಅಂಗಡಿಯವನು ಲೋಟ ಕೆಳಗಿಟ್ಟು ನಗುತ್ತಿದ್ದ.

ಸಿಡಿಮದ್ದು ಹಲ್ಲು ಕಡಿದ. ಅಂದಿನಿಂದ ಗುರುತಿಲ್ಲದ ನಂಬರಿಗೆ ತಿರುಗಿ ಕರೆ ಮಾಡುವುದನ್ನು ನಿಲ್ಲಿಸಿಬಿಟ್ಟ.

"ಭಾವ, ಚೀಟಿ ತೆಗೀಬೇಕಲ್ವಾ ಹಾಗಾದ್ರೆ? ಒಂದು ರಿಂಗ್ ಸಾಕು ಅಂತ ಬರ್ದಿದ್ಯಲ್ಲ," ಎಂದ ಬಾಮೈದ.

"ನಿಜವಾಗ್ಲೂ ಬೇಕಾದೋರು ಎರಡು ಸಲ ಮಾಡ್ತಾರೆ. ಬಾಯಿ ಮುಚ್ಕೊಂಡು ಸ್ಪ್ಯಾನರ್ ಕೊಡು."

ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಅವನು ಸ್ವಿಚ್ಚು ಬದಲಿಸುತ್ತಿದ್ದಾಗ ಫೋನು ಒಂದು ರಿಂಗ್ ಆಗಿ ನಿಂತಿತು. ಹೆಸರಿಲ್ಲದ ನಂಬರು. ಪೂರ್ತಿ ಓದುವ ಗೋಜಿಗೂ ಹೋಗದೆ, "ಮತ್ತೆ ಬಂದ್ಯಾ, ಅಳು ಅಳು, ಚೆನ್ನಾಗಿ ಅಳು," ಎಂದು ಫೋನಿಗೆ ಉಗಿದು ಜೇಬಿಗಿಟ್ಟ. ಎಷ್ಟೋ ದಿನದ ಮೇಲೆ ಮನಸ್ಸಿಗೆ ಹಾಯೆನಿಸಿತು. ಗೆದ್ದೆ ಅಂದುಕೊಂಡ.

ಒಂದೂಮುಕ್ಕಾಲು ಗಂಟೆ ಕಳೆದ ಮೇಲೆ ಎರಡು ಬೀದಿಯಾಚೆಯ ಕಟ್ಟಡದ ಕಾವಲುಗಾರ ಫೋನು ಮಾಡಿದ. ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿದೆ, ಒಳಗೆ ಯಾರೋ ಇದ್ದಾರೆ.

ಸಿಡಿಮದ್ದು ಬಂದ ವೇಗಕ್ಕೆ ಸ್ಕೂಟರಿನ ಸ್ಟ್ಯಾಂಡ್ ಹಾಕುವುದೂ ಮರೆಯಿತು. ಮೇಲೆ ಹೋಗಿ ಮೋಟಾರಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ಇಳಿಸಿ, ಕೆಳಗೆ ಓಡಿ ಬಂದು ಬಾಗಿಲು ತೆರೆದ. ಐದನೇ ಮಹಡಿಯ ಟೀಚರಮ್ಮ ನೆಲದ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಜೀವ, ಮಂಡಿ ನೋವು, ಉಬ್ಬಸ. ತರಕಾರಿ ಚೀಲ ಮಗುಚಿತ್ತು, ಸೀರೆ ಬೆವರಿಗೆ ಒದ್ದೆಯಾಗಿತ್ತು. ಬಲಗೈ ಇನ್ನೂ ಫೋನನ್ನು ಬಾಗಿಲ ಸಂದಿಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ಇತ್ತು. ಅದರಲ್ಲಿದ್ದದ್ದು ಹೋದ ವಾರ ತೆಗೆದುಕೊಂಡ ಹೊಸ ನಂಬರು.

"ರಿಂಗ್ ಆಯ್ತಲ್ಲಪ್ಪ, ನಂಗೆ ಕೇಳಿಸ್ತು," ಎಂದರು ಅವರು, ಒಂದೊಂದು ಮಾತಿಗೂ ಉಸಿರೆಳೆದುಕೊಳ್ಳುತ್ತಾ. "ನೀನು ಮಾಡ್ತೀಯ ಅಂತ ಕಾಯ್ತಾ ಇದ್ದೆ. ಎರಡನೇ ಸಲ ಹೋಗ್ಲೇ ಇಲ್ಲ. ಒಂದು ರಿಂಗ್ ಸಾಕು ಅಂತ ಬರೆದೋನು ನೀನೇ ಅಲ್ವಾ?"

ಅವನು ಚೆಲ್ಲಿದ ತರಕಾರಿಯನ್ನು ಚೀಲಕ್ಕೆ ತುಂಬಿ, ಅವರನ್ನು ಮೆಲ್ಲಗೆ ಎಬ್ಬಿಸಿ ಮನೆ ಮುಟ್ಟಿಸಿದ. ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

ನೇರ ಫೋನ್ ಕಚೇರಿಗೆ ಹೋದ. ಟೋಕನ್ನನ್ನೂ ತೆಗೆದುಕೊಳ್ಳದೆ ಕನ್ನಡಕದ ಹುಡುಗಿಯ ಮುಂದೆ ನಿಂತ. "ಹೊರದೇಶಕ್ಕೆ ನನ್ನ ಫೋನಿಂದ ಕರೆ ಹೋಗ್ಲೇಬಾರ್ದು. ನಾನೇ ಒತ್ತಿದ್ರೂ ಹೋಗ್ಬಾರ್ದು. ಏನಾದ್ರೂ ದಾರಿ ಇದೆಯಾ?"

ಅವಳು ಒಂದು ಹಾಳೆ ತೆಗೆದು ಅವನ ಕಡೆ ತಳ್ಳಿದಳು. "ಇಲ್ಲಿ ಸಹಿ ಮಾಡಿ. ಸಂಜೆಯೊಳಗೆ ಬಂದ್ ಆಗತ್ತೆ. ದುಡ್ಡೇನಿಲ್ಲ."

"ಇಷ್ಟೇನಾ?" ಅವನ ದನಿ ಮತ್ತೆ ಏರಿತು. "ಅವತ್ತೇ ಯಾಕೆ ಹೇಳ್ಲಿಲ್ಲ?"

ಹುಡುಗಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಹೇಳೋಕೆ ಬಂದೆ. ನನ್ನ ಬುದ್ಧಿ ನನ್ನ ಹತ್ರಾನೇ ಇಟ್ಕೋ ಅಂದ್ರಿ. ಇಟ್ಕೊಂಡೆ. ಮುಂದಿನವರು ಬನ್ನಿ."

ಮರುದಿನ ಬೆಳಗ್ಗೆ ಅವನು ಟೀಚರಮ್ಮನ ಕಟ್ಟಡಕ್ಕೆ ಹೋದ. ಲಿಫ್ಟಿನೊಳಗಿನ ಹಳೇ ಚೀಟಿ ಕೆರೆದು ತೆಗೆದು, ಅದೇ ಮಾತನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ. ಅಷ್ಟರಲ್ಲಿ ಟೀಚರಮ್ಮ ತರಕಾರಿ ತೆಗೆದುಕೊಂಡು ಬಂದರು. ಅವನು ಲಿಫ್ಟಿನ ಬಾಗಿಲನ್ನು ಅವರಿಗಾಗಿ ಹಿಡಿದು ನಿಂತ.

"ಬನ್ನಿ ಟೀಚರಮ್ಮ. ಎಲ್ಲಾ ಸರಿ ಮಾಡಿದ್ದೀನಿ. ಫೋನೂ ಸರಿ ಮಾಡಿಸ್ದೆ. ಇನ್ಮೇಲೆ ಯಾವ ನಂಬರಿಂದ ಬಂದ್ರೂ ವಾಪಸ್ ಮಾಡ್ತೀನಿ."

ಅವರು ಹೊಸ ಚೀಟಿಯನ್ನು ಹತ್ತಿರದಿಂದ ಓದಿದರು, ಅಷ್ಟೂ ಓದಿದರು. ಆಮೇಲೆ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು ಮೆಟ್ಟಿಲ ಕಡೆ ತಿರುಗಿದರು. ಅವನು ಚೀಲಕ್ಕೆ ಕೈ ಹಾಕಿದ. ಅವರು ಕಿತ್ತುಕೊಂಡರು.

"ಬೇಡ. ಓದಿದ್ದನ್ನ ಒಂದ್ಸಲ ನಂಬಿ ನೋಡಿದ್ದಾಯ್ತು."

ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲಿಟ್ಟು ಅವರು ಹತ್ತತೊಡಗಿದರು. ಒಂದೊಂದು ತಿರುವಿನಲ್ಲೂ ನಿಂತು ಏದುಸಿರು ಬಿಡುವುದು ಕೆಳಗಿನ ತನಕ ಕೇಳುತ್ತಿತ್ತು. ಐದನೇ ಮಹಡಿಯ ಬಾಗಿಲು ಮುಚ್ಚಿದ ಸದ್ದು ಬರುವವರೆಗೂ ಸಿಡಿಮದ್ದು ಖಾಲಿ ಲಿಫ್ಟಿನ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಿದ್ದ.