ಫ್ಯಾನ್ ಬೀಳುವ ಅರ್ಜಿ

ಮಹಾಜನರೇ, ಕೇಳಿರಿ. ರಾಯಚೂರಿನ ನಮ್ಮ ಓಣಿಯ ಇಂಗ್ಲಿಷ್ ಶಾಲೆಯಲ್ಲಿ, ಪಕ್ಕದ ಮನೆಯ ನರಸಮ್ಮನ ಮಗಳ ತಲೆಯ ಮೇಲೆಯೇ ಫ್ಯಾನ್ ಓಲಾಡುತ್ತಿದೆ. ಅರ್ಜಿ ಇಂಗ್ಲಿಷಿನಲ್ಲೇ ಇರಬೇಕೆಂಬುದು ಅಲ್ಲಿನ ರಾಜಾಜ್ಞೆ. ಇವತ್ತು ಬೆಳಿಗ್ಗೆ ‘ಫ್ಯಾನ್ ಮೇ ಫಾಲ್’ ಎಂದು ಬರೆದುಕೊಟ್ಟು, ತಾಯಿ ಮಗಳ ಜೊತೆ ನಾನೂ ಹೋದೆ.

ಮ್ಯಾನೇಜರ್ ಓದಿದರು. “ಬೀಳಬಹುದು ಅಂತ ಬರದೀರಿ. ಬೀಳದೇನೂ ಇರಬಹುದಲ್ರೀ?”

ನಾನು ಅಲ್ಲೇ ಅದನ್ನು ‘ವಿಲ್ ಫಾಲ್’ ಎಂದು ತಿದ್ದಿದೆ.

“ಬಿದ್ದೇ ಬೀಳತದ ಅನ್ನಾಕ ನೀವೇನು ಜ್ಯೋತಿಷಿ ಏನ್ರೀ?” ಎನ್ನುತ್ತ ಅರ್ಜಿಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಇಂಗ್ಲಿಷಿನಲ್ಲಿ ಏನೋ ಗೀಚಿದರು.

“ಏನಂತ ಬರದಾರ್ರೀ ಕಾಕಾ?” ಎಂದು ನನ್ನನ್ನು ಕೇಳಿದಳು ನರಸಮ್ಮ.

“ರಿಪೇರಿ ಮಾಡಿಸಬಹುದು ಅಂತ, ಯವ್ವಾ.”

ನರಸಮ್ಮ ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. “ಹಂಗಾರ ನಾಳಿಂದ ಇಕಿನೂ ಬ್ಯಾರೆ ಓಣಿ ಸಾಲಿಗೆ ಹೋಗಬಹುದು, ಸರ್.”

ಈ ‘ಬಹುದು’ ಮಾತ್ರ ಮ್ಯಾನೇಜರಿಗೆ ತಟ್ಟನೆ ತಿಳಿಯಿತು. ಏಣಿ ಹುಡುಕಲು ತಾವೇ ಹೊರಟರು.