ನೋಡೋಣ ಸಾಹೇಬರ ತಾತ್ವಿಕ ಒಪ್ಪಿಗೆ

"ನೋಡೋಣ" ಎಂಬ ಒಂದೇ ಮಾತನ್ನು ನೆಚ್ಚಿಕೊಂಡು ಮನೆ ಕಟ್ಟಿ, ಮಗಳನ್ನು ಓದಿಸಿ, ಪೆನ್ಷನ್ನನ್ನೂ ಗಿಟ್ಟಿಸಿಕೊಂಡವರು ಲೋಕದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಮ್ಮ ಸಾಹೇಬರಂತೂ ಅವರಲ್ಲಿ ಒಬ್ಬರು. ಅವರು ಕೆಲಸ ಮಾಡಿದ್ದು ಏಷ್ಯಾದ ಆರು ನೆರೆಹೊರೆ ದೇಶಗಳ ಆರ್ಥಿಕ ಮತ್ತು ತಾಂತ್ರಿಕ ಸಹಕಾರ ಮಂಡಳಿಯಲ್ಲಿ. ಹೆಸರು ಕೇಳಿದರೆ ಆರೂ ದೇಶಗಳು ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಿವೆ ಅನ್ನಿಸಬೇಕು. ನಿಜಕ್ಕೂ ಅವು ಉದ್ದನೆಯ ಮೇಜಿನ ಸುತ್ತ ಕೂತು ಬಿಸ್ಕತ್ತು ತಿನ್ನುತ್ತಿದ್ದವು, ಅಷ್ಟೇ. ಒಂದು ದೇಶ ಗೋಡಂಬಿ ಬಿಸ್ಕತ್ತು ಇಟ್ಟರೆ ಮುಂದಿನ ಸಭೆಯಲ್ಲಿ ಇನ್ನೊಂದು ದೇಶ ಹಟಕ್ಕೆ ಬಿದ್ದು ಬಾದಾಮಿಯದನ್ನು ಇಡುತ್ತಿತ್ತು. ಆ ಮಟ್ಟಿಗೆ ಪ್ರಾದೇಶಿಕ ಪ್ರಗತಿ ಆಗುತ್ತಿತ್ತು ಎಂದು ಒಪ್ಪಲೇಬೇಕು.

ಸಾಹೇಬರ ಕೆಲಸ ಜಂಟಿ ಹೇಳಿಕೆ ಬರೆಯುವುದು. ಸಭೆ ಮುಗಿಯುವ ಹೊತ್ತಿಗೆ ಆರು ದೇಶದವರೂ ಸಹಿ ಹಾಕುವಂಥ ಒಂದು ಕಾಗದ ತಯಾರಾಗಬೇಕು. ಆರು ಜನರೂ ಒಪ್ಪಬೇಕಾದರೆ ಅದರಲ್ಲಿ ಏನೂ ಇರಬಾರದು. ಏನೂ ಇಲ್ಲವೆಂದು ಓದುವವರಿಗೆ ಗೊತ್ತೂ ಆಗಬಾರದು. ಈ ವಿದ್ಯೆಯಲ್ಲಿ ಸಾಹೇಬರದು ಎತ್ತಿದ ಕೈ. "ಮಾಡುತ್ತೇವೆ" ಎಂದು ಯಾರಾದರೂ ದುಡುಕಿ ಬರೆದು ತಂದರೆ, ಸಾಹೇಬರು ಮೆಲ್ಲಗೆ ನಕ್ಕು, "ಮಾಡುವ ಸಾಧ್ಯತೆಗಳನ್ನು ಪರಿಶೀಲಿಸಲು ತಾತ್ವಿಕವಾಗಿ ಒಪ್ಪಲಾಯಿತು" ಎಂದು ತಿದ್ದುತ್ತಿದ್ದರು. ಅಷ್ಟಾದ ಮೇಲೂ ಯಾವುದಾದರೂ ಪದ ಒಂದು ದೇಶದ ಗಂಟಲಲ್ಲಿ ಸಿಕ್ಕಿಕೊಂಡರೆ ಅದನ್ನು ಅಳಿಸುತ್ತಿರಲಿಲ್ಲ, ಉಳಿಸುತ್ತಲೂ ಇರಲಿಲ್ಲ. ಅದರ ಆಚೆಗೊಂದು ಈಚೆಗೊಂದು ಬ್ರಾಕೆಟ್ ಹಾಕಿ, "ಮುಂದಿನ ಸಭೆಯಲ್ಲಿ ನೋಡೋಣ" ಎನ್ನುತ್ತಿದ್ದರು. ಆರು ದೇಶಕ್ಕೂ ಹೊಂದುವ ಒಂದೇ ನಮೂನೆಯ ಪ್ಲಗ್ಗು, ಗಡಿಯಲ್ಲಿ ಲಾರಿಗಳಿಗೆ ಒಂದೇ ತಪಾಸಣೆ, ನದಿಯ ಪ್ರವಾಹದ ಮುನ್ಸೂಚನೆ, ಎಲ್ಲವೂ ಹೀಗೆ ಬ್ರಾಕೆಟ್ಟಿನೊಳಗೆ ಬೆಚ್ಚಗೆ ಮಲಗಿದ್ದವು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ನೀವು ನೋಡಿರುತ್ತೀರಿ. ಸಾಹೇಬರು ಆ ದೀಪ ಇಡುವುದಕ್ಕೂ ಒಂದು ಉಪಸಮಿತಿ ಮಾಡುವವರು.

ಮನೆಯಲ್ಲೂ ಇದೇ ರಾಗ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದರೆ "ನೋಡೋಣ". ಮಗಳಿಗೆ ಸೈಕಲ್ಲು ಬೇಕೆಂದರೆ "ನೋಡೋಣ". ಸೈಕಲ್ಲಿಗೆ ತಾತ್ವಿಕ ಒಪ್ಪಿಗೆ ಸಿಗುವಷ್ಟರಲ್ಲಿ ಮಗಳು ಗೆಳತಿಯ ಸ್ಕೂಟರಿನಲ್ಲಿ ಊರು ಸುತ್ತುತ್ತಿದ್ದಳು. ನಲ್ಲಿಯನ್ನು ಹೆಂಡತಿಯೇ ಪ್ಲಂಬರನ್ನು ಕರೆಸಿ ರಿಪೇರಿ ಮಾಡಿಸಿದರು. ಸಾಹೇಬರು ಆ ಬೆಳವಣಿಗೆಯನ್ನು ಸ್ವಾಗತಿಸಿದರು. ಆಫೀಸಿನವರೂ ನೆಂಟರೂ ಬೇರೆ ಬೇರೆಯಾಗಿ ಯೋಚಿಸಿ ಒಂದೇ ಅಡ್ಡಹೆಸರಿಗೆ ಬಂದು ಮುಟ್ಟಿದರು: ನೋಡೋಣ ಸಾಹೇಬರು. ಮಂಡಳಿಯ ಇತಿಹಾಸದಲ್ಲಿ ಎಲ್ಲರೂ ಬ್ರಾಕೆಟ್ಟಿಲ್ಲದೆ ಒಪ್ಪಿದ ವಿಷಯ ಇದೊಂದೇ ಇರಬೇಕು.

ಹಾಗಂತ ಮಂಡಳಿಯಿಂದ ಏನೂ ಆಗಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಒಂದು ಮದುವೆ ಆಯಿತು.

ಸಾಹೇಬರು ಆಗಿನ್ನೂ ಸಾಹೇಬರಾಗಿರಲಿಲ್ಲ, ಮಂಡಳಿಯಲ್ಲಿ ಹೊಸ ಗುಮಾಸ್ತ. ಒಂದು ದೇಶದ ಮೆಕ್ಯಾನಿಕ್ಕುಗಳು ಪಕ್ಕದ ದೇಶಕ್ಕೆ ಹೋಗಿ ಶೈತ್ಯಾಗಾರದ ಯಂತ್ರ ರಿಪೇರಿ ಕಲಿಯಬೇಕೆಂದು ಒಂದು ಯೋಜನೆ ಬಂತು. ಅದರಂತೆ ನಮ್ಮ ದೇಶಕ್ಕೆ ಒಬ್ಬ ಮೆಕ್ಯಾನಿಕ್ ಬಂದ. ಅವನಿಗೆಂದು ಕಟ್ಟಬೇಕಾಗಿದ್ದ ಹಾಸ್ಟೆಲ್ಲು ಪರಿಶೀಲನೆಯಲ್ಲಿತ್ತು, ಕಲಿಯಬೇಕಾಗಿದ್ದ ಯಂತ್ರ ಬಂದರಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಪಾಪ ಎಂದು ಗುಮಾಸ್ತ ಅವನನ್ನು ಮನೆಗೆ ಕರೆತಂದು ಮಹಡಿಯ ಕೋಣೆಯಲ್ಲಿ ಇಳಿಸಿದ. ಕೈಗೆ ಕೆಲಸವಿಲ್ಲದ ಮೆಕ್ಯಾನಿಕ್ ಮನೆಯ ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಒಂದನ್ನೂ ಬಿಡದೆ ಬಿಚ್ಚಿ ಜೋಡಿಸಿದ. ಜೋಡಿಸುವಾಗ ಪಕ್ಕದಲ್ಲಿ ಕೂತು ಒಂದೊಂದೇ ಸ್ಕ್ರೂ ಎತ್ತಿಕೊಡುತ್ತಿದ್ದವಳು ಗುಮಾಸ್ತನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಎರಡು ಕಡೆಯ ತಂತಿ ಕೂಡಿಸುವುದು ಯಾರಾದರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಅಪ್ಪ ಮಗನನ್ನು ಕೂರಿಸಿಕೊಂಡು ಕೇಳಿದರು. "ಬೇರೆ ದೇಶದವನು. ನೀನೇ ಕರ್ಕೊಂಡು ಬಂದಿದ್ದು. ಏನಂತೀಯಾ?"

"ನೋಡೋಣ ಅಪ್ಪ," ಎಂದ ಮಗ.

"ನೀನು ನೋಡ್ತಾ ಕೂತಿರು ಪುಟ್ಟ, ನಾನು ಹೊರಟೆ," ಎಂದಳು ಅಕ್ಕ. ಹೇಳಿದ ಹಾಗೇ ಮದುವೆಯಾಗಿ ಗಡಿ ದಾಟಿದಳು. ಯೋಜನೆಯ ಅಂತಿಮ ವರದಿಯಲ್ಲಿ "ನಿರೀಕ್ಷಿತ ಫಲ ದೊರೆತಿಲ್ಲ" ಎಂದು ಬರೆಯಲಾಯಿತು. ಬರೆದವನು ತಮ್ಮನೇ.

ಅಕ್ಕ ಹೋಗಿ ಸೇರಿದ ಊರಿನಲ್ಲಿ ಮಂಡಳಿಯ ಸಭೆ ಆಗಾಗ ನಡೆಯುತ್ತಿತ್ತು. ಸಾಹೇಬರದು ಸರ್ಕಾರಿ ಪಾಸ್‌ಪೋರ್ಟು. ಗಡಿಯ ಅಧಿಕಾರಿಗಳು ಸಲ್ಯೂಟ್ ಹೊಡೆದು ಬಿಡುತ್ತಿದ್ದರು. ಅಕ್ಕನ ಮನೆ ಹೋಟೆಲಿನಿಂದ ಒಂದು ಬಸ್ಸಿನ ದೂರ. ಆದರೆ ಸಭೆಗೆ ಬಂದವರು ಸಭೆ ಬಿಟ್ಟು ಹೋಗುವುದುಂಟೇ? ಅಕ್ಕನೇ ಹೋಟೆಲಿಗೆ ಬಂದು, ಕೆಳಗಿನ ಸೋಫಾದ ತುದಿಯಲ್ಲಿ ಕೂತು ಕಾಯುತ್ತಿದ್ದಳು. ಎರಡು ಗೋಷ್ಠಿಗಳ ನಡುವೆ ಟೀಗೆ ಬಿಟ್ಟಾಗ ಸಾಹೇಬರು ಕೊರಳಲ್ಲಿ ಬಿಲ್ಲೆ ತೂಗಾಡಿಸುತ್ತ ಓಡಿಬಂದು, ಸಭೆಯಲ್ಲಿ ಪುಕ್ಕಟೆ ಕೊಟ್ಟ ಕೈಚೀಲವನ್ನು ಅವಳ ಕೈಗಿಡುತ್ತಿದ್ದರು.

"ಒಂದ್ಸಲ ಮನೆಗೆ ಬಾರೋ. ನಿಮ್ಮ ಭಾವ ದಿನಾ ಕೇಳ್ತಾರೆ," ಎನ್ನುತ್ತಿದ್ದಳು ಅಕ್ಕ.

"ಮುಂದಿನ ಸಲ ಬರ್ತೀನಿ ಅಕ್ಕ. ನೋಡೋಣ."

ಅಕ್ಕ ಆ ಚೀಲಗಳಲ್ಲಿ ತರಕಾರಿ ತರುತ್ತಿದ್ದಳು. ಆ ಬೀದಿಯ ತರಕಾರಿಯವನಿಗೆ ಆರು ದೇಶಗಳ ಸಹಕಾರದ ಲಾಂಛನ ಪರಿಚಯವಾದದ್ದು ಹೀಗೆ. ಮಂಡಳಿಯ ಪ್ರಚಾರ ವಿಭಾಗಕ್ಕೆ ಅಷ್ಟೂ ಸಾಧ್ಯವಾಗಿರಲಿಲ್ಲ. ಭಾವ ತೀರಿಕೊಂಡಾಗ ಸಾಹೇಬರು ಸಂತಾಪ ಸಂದೇಶ ಕಳಿಸಿದರು. ಎರಡು ದೇಶಗಳ ಬಾಂಧವ್ಯಕ್ಕೆ ಮೃತರ ಕೊಡುಗೆ ಸ್ಮರಣೀಯ ಎಂದು ಅದರಲ್ಲಿತ್ತು.

ಈಗ ಮಂಡಳಿಯ ಸಭೆಯ ಒಂದು ಸಂಜೆಯ ಕತೆ ಹೇಳಬೇಕು. ಗಡಿಯಾಚೆ ಕುಟುಂಬ ಇರುವವರಿಗೆ ಬೇಗನೆ ವೀಸಾ ಕೊಡುವ ಒಪ್ಪಂದ ಮೇಜಿನ ಮೇಲಿತ್ತು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಇಷ್ಟಕ್ಕೆ ಎಲ್ಲರೂ ತಲೆಯಾಡಿಸಿದರು. "ಒಡಹುಟ್ಟಿದವರು" ಎಂಬ ಪದಕ್ಕೆ ಒಂದು ದೇಶ ತಕರಾರು ಎತ್ತಿತು. ಅಣ್ಣತಮ್ಮಂದಿರೆಂದು ಹೇಳಿಕೊಂಡು ಊರಿಗೆ ಊರೇ ಬಂದುಬಿಟ್ಟರೆ? ಇನ್ನೊಂದು ದೇಶ ಬಿಸಿಯಾಯಿತು. ಅರ್ಧ ಗಂಟೆ ಕೂತು ಮಾತಾಡಿದ್ದರೆ ತಕರಾರಿನವರು ಒಪ್ಪುತ್ತಿದ್ದರು, ಆ ಲಕ್ಷಣ ಅವರ ಮುಖದ ಮೇಲೇ ಇತ್ತು. ಆದರೆ ಕೆಳಗೆ ಭೋಜನಶಾಲೆಯಲ್ಲಿ ಊಟ ಬಡಿಸಿ ಆಗಿತ್ತು, ವಾಸನೆ ಮೇಲಕ್ಕೆ ಬರುತ್ತಿತ್ತು. ಸಾಹೇಬರು ಪೆನ್ನು ತೆಗೆದು ಆ ಪದಕ್ಕೆ ಬ್ರಾಕೆಟ್ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು, ಅಧ್ಯಕ್ಷರು ಎದ್ದು ಬಂದು ಬೆನ್ನು ತಟ್ಟಿದರು. ಅಕ್ಕನ ನೆನಪು ಬರಲಿಲ್ಲವೇ ಎಂದರೆ, ಬಂತು. ಆದರೆ ತಮ್ಮ ಬಳಿ ಸರ್ಕಾರಿ ಪಾಸ್‌ಪೋರ್ಟು ಇತ್ತಲ್ಲ. ಇರಲಿ, ಮುಂದಿನ ಸಭೆಯಲ್ಲಿ ನೋಡೋಣ ಅಂದುಕೊಂಡರು. ಆಮೇಲೆ ಸಭೆಗಳು ಬೇಕಾದಷ್ಟು ಆದವು. ಬ್ರಾಕೆಟ್ಟನ್ನು ಯಾರೂ ಮುಟ್ಟಲಿಲ್ಲ.

ಸಾಹೇಬರು ನಿವೃತ್ತರಾದರು. ಮಂಡಳಿಯವರು ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು, ಸರ್ಕಾರಿ ಪಾಸ್‌ಪೋರ್ಟನ್ನು ವಾಪಸ್ಸು ಇಸಿದುಕೊಂಡರು. ಅದಾಗಿ ವರ್ಷ ತುಂಬುವ ಮೊದಲು ಅಕ್ಕನ ಮಗಳ ಫೋನು ಬಂತು. ಅಮ್ಮನ ಹೃದಯದ ವಾಲ್ವು ಕೆಟ್ಟಿದೆ, ಬೇಗ ಆಪರೇಷನ್ ಆಗಬೇಕು ಅಂತಾರೆ ಡಾಕ್ಟರು. ಅಮ್ಮ ಮಾತ್ರ, ತಮ್ಮ ಬಂದು ಮುಖ ತೋರಿಸದೆ ನಾನು ಆ ಟೇಬಲ್ ಹತ್ತಲ್ಲ ಅಂತ ಹಟ ಹಿಡಿದಿದ್ದಾರೆ.

"ಬಂದೇ ಬರ್ತೀನಿ ಅಂತ ಹೇಳಮ್ಮ," ಎಂದರು ಸಾಹೇಬರು. ಅಭ್ಯಾಸ ಬಲದಿಂದ ಹಿಂದೆಯೇ "ನೋಡೋಣ" ಎಂದೂ ಸೇರಿಸಿದರು.

ವೀಸಾ ಕಚೇರಿಯಲ್ಲಿ ಕಬ್ಬಿಣದ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಾಗಲೇ ಸಾಹೇಬರಿಗೆ ಜನಸಾಮಾನ್ಯರು ಹೇಗೆ ಗಡಿ ದಾಟುತ್ತಾರೆ ಎಂಬ ವಿಷಯದಲ್ಲಿ ಮೊದಲ ತಾಂತ್ರಿಕ ತರಬೇತಿ ಸಿಕ್ಕಿದ್ದು. ಗಾಜಿನ ಆಚೆಗಿದ್ದ ಅಧಿಕಾರಿಣಿ ಬಹಳ ಮರ್ಯಾದಸ್ಥೆ.

"ನೋಡಬೇಕಾಗಿರೋದು ಯಾರನ್ನ ಸಾರ್?"

"ನಮ್ಮಕ್ಕನ್ನ. ಹುಷಾರಿಲ್ಲ."

"ತಾಯಿ ಆಗಿದ್ರೆ ಮೂರೇ ದಿನ ಸಾರ್. ಒಡಹುಟ್ಟಿದವರದ್ದು ತಾತ್ವಿಕವಾಗಿ ಒಪ್ಪಿಗೆ ಆಗಿದೆ, ಆದರೆ ಇನ್ನೂ ಪರಿಶೀಲನೆಯಲ್ಲಿದೆ. ಮಾಮೂಲಿ ಅರ್ಜಿ ಹಾಕಿ. ಮೂರು ನಾಲ್ಕು ತಿಂಗಳಾಗಬಹುದು."

ಸಾಹೇಬರು ಅರ್ಜಿ ತುಂಬಿಕೊಟ್ಟರು. ಪರಿಶೀಲನೆಯ ಆ ವಾಕ್ಯವನ್ನು ಎಲ್ಲೋ ಓದಿದ ಹಾಗಿತ್ತು.

ಹಳೆಯ ಆಫೀಸಿಗೆ ಹೋದರು. ಅವರದೇ ಕುರ್ಚಿಯಲ್ಲಿ, ಅವರೇ ಕೆಲಸ ಕಲಿಸಿದ ಶಿಷ್ಯ ಕೂತಿದ್ದ. ಎದ್ದು ನಿಂತ, ಟೀ ತರಿಸಿದ, ಬಾದಾಮಿ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದ. "ನಿಮ್ಮ ಕೆಲಸ ಅಂದ್ಮೇಲೆ ಬಿಡೋದುಂಟಾ ಸಾರ್. ಸಂಬಂಧಪಟ್ಟವರ ಗಮನಕ್ಕೆ ತರ್ತೀನಿ. ನೋಡೋಣ," ಎಂದ. ಗುರುವಿಗೆ ತಕ್ಕ ಶಿಷ್ಯ. ಇಲ್ಲಿ ಏನೂ ಆಗುವುದಿಲ್ಲ ಎಂದು ಸಾಹೇಬರಿಗೆ ಬಿಸ್ಕತ್ತು ಕಂಡಾಗಲೇ ಗೊತ್ತಾಯಿತು.

ಆದರೆ ಗೊತ್ತಾದದ್ದನ್ನು ಅಕ್ಕನಿಗೆ ಹೇಳಬೇಕಲ್ಲ. ಅಕ್ಕ ಫೋನು ಮಾಡಿದಾಗ "ಬಹುತೇಕ ಆದ ಹಾಗೇ" ಎಂದರು. ಅಕ್ಕ ಆಪರೇಷನ್ನನ್ನು ಮುಂದಕ್ಕೆ ಹಾಕಿಸಿದಳು. ಮತ್ತೆ ಕೇಳಿದಾಗ "ಕೊನೇ ಹಂತದಲ್ಲಿದೆ" ಎಂದರು. ಅಕ್ಕ ಮತ್ತೆ ಮುಂದಕ್ಕೆ ಹಾಕಿಸಿದಳು. ಆರು ದೇಶಗಳನ್ನು ವರ್ಷಾನುಗಟ್ಟಲೆ ಸಂತೋಷವಾಗಿಟ್ಟಿದ್ದ ವಿದ್ಯೆ ಒಬ್ಬ ಮುದುಕಿಯ ಮೇಲೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ವ್ಯತ್ಯಾಸವೆಂದರೆ, ಆ ದೇಶಗಳು ಯಾವತ್ತೂ ಅವರ ಮಾತನ್ನು ನಂಬಿರಲಿಲ್ಲ.

ಹೀಗೆ ಎರಡು ತಿಂಗಳು ಕಳೆದ ಮೇಲೆ, ಒಂದು ಬೆಳಗ್ಗೆ ಅಕ್ಕನ ಮಗಳು ಸೀದಾ ವಿಷಯಕ್ಕೆ ಬಂದಳು. ತಾಯಿಯ ಮಗಳು.

"ಮಾಮ, ಬರ್ತೀರಾ, ಇಲ್ವಾ?"

"ಪ್ರಯತ್ನ ನಡೀತಾ ಇದೆ ಕಣಮ್ಮ..."

"ಪ್ರಯತ್ನ ಬೇಡ ಮಾಮ. ನೀವು ಆಯ್ತು ಆಯ್ತು ಅಂದಾಗೆಲ್ಲ ಅಮ್ಮ ಆಪರೇಷನ್ ಬೇಡ ಅಂತಾರೆ. ಈಗ ಮಲಗಿದ್ರೆ ಉಸಿರು ಕಟ್ಟುತ್ತೆ, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡ್ತಾರೆ. ಇನ್ನು ತಡ ಮಾಡಿದ್ರೆ ನಾವು ಜವಾಬ್ದಾರರಲ್ಲ ಅಂದುಬಿಟ್ರು ಡಾಕ್ಟ್ರು. ಬರೋದಿಲ್ಲ ಅಂತಾದ್ರೂ ಹೇಳಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಫೋನಿನ ಮಾತು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೂ ಕೇಳಿಸಿತ್ತು. "ಇಲ್ಲ ಅಂತ ಹೇಳಿ. ಬಾಯಿ ಸುಡಲ್ಲ," ಎಂದರು ಆಕೆ, ತಲೆ ಎತ್ತದೆ.

ಫೋನು ಅಕ್ಕನ ಕೈಗೆ ಹೋಯಿತು. ಆ ಕಡೆ ಉಸಿರಾಟ ಮಾತ್ರ ಕೇಳಿಸುತ್ತಿತ್ತು.

"ಅಕ್ಕ, ಸದ್ಯದ ಪರಿಸ್ಥಿತಿಯಲ್ಲಿ..."

"ಪರಿಸ್ಥಿತಿ ನಂಗೆ ಗೊತ್ತಿದೆ. ಬರ್ತೀಯೇನೋ ಪುಟ್ಟ?"

ಸಾಹೇಬರ ಬಾಯಿ ತುಂಬ ಪದಗಳೇನೋ ಇದ್ದವು. ಬಹುತೇಕ, ತಾತ್ವಿಕವಾಗಿ, ಶೀಘ್ರದಲ್ಲೇ, ಸಕಾರಾತ್ಮಕವಾಗಿ. ಒಂದೊಂದನ್ನೂ ನುಂಗಿಕೊಂಡರು.

"ಇಲ್ಲ ಅಕ್ಕ. ಬರಕ್ಕಾಗಲ್ಲ. ಬೇಗ ವೀಸಾ ಸಿಗಲ್ಲ. ಸಿಗೋ ಹಾಗೆ ಮಾಡಬಹುದಿತ್ತು, ನಾನೇ ಮಾಡ್ಲಿಲ್ಲ. ನನಗೋಸ್ಕರ ಕಾಯಬೇಡ."

ಇಷ್ಟು ಹೇಳುವಷ್ಟರಲ್ಲಿ ಅವರು ಬೆವೆತುಹೋಗಿದ್ದರು.

"ಸರಿ ಬಿಡು," ಎಂದಳು ಅಕ್ಕ. "ಇಷ್ಟು ಹೇಳಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ? ಗುರುವಾರನೇ ಮಾಡಿ ಅಂತ ಡಾಕ್ಟ್ರಿಗೆ ಹೇಳ್ತೀನಿ." ಮತ್ತೆ ಉಸಿರು ಎಳೆದುಕೊಂಡು, "ಅಳಬೇಡ್ವೋ. ಆಸ್ಪತ್ರೆಗೆ ಬಟ್ಟೆ ತುಂಬಿಟ್ಟಿದ್ದೀನಿ, ನೀನು ಕೊಟ್ಟ ಚೀಲದಲ್ಲೇ," ಎಂದಳು. ಸಾಹೇಬರು ಫೋನು ಇಟ್ಟು ಮಗುವಿನ ಹಾಗೆ ಅತ್ತರು. ಹೆಂಡತಿ ಮಡಿಸುತ್ತಿದ್ದ ಟವೆಲನ್ನೇ ಅವರ ಕೈಗೆ ಕೊಟ್ಟರು.

ಗುರುವಾರ ಸಾಹೇಬರು ಸ್ನಾನ ಮಾಡಿ, ಸಭೆಗೆ ಹೋಗುವವರ ಹಾಗೆ ಇಸ್ತ್ರಿ ಶರ್ಟು ಹಾಕಿಕೊಂಡು, ಫೋನಿನ ಮುಂದೆ ಕೂತರು. ತಿಂಡಿ ಬೇಡ ಎಂದರು. ಊಟಕ್ಕೂ ಏಳಲಿಲ್ಲ. ಗೋಡೆಯ ಮೇಲೆ ಮಂಡಳಿ ಕೊಟ್ಟ ಗಡಿಯಾರ ನಡೆಯುತ್ತಲೇ ಇತ್ತು. ಸಂಜೆಯ ಹೊತ್ತಿಗೆ ಅಕ್ಕನ ಮಗಳು ಫೋನು ಮಾಡಿದಳು.

"ಆಪರೇಷನ್ ಆಯ್ತು ಮಾಮ. ಇನ್ನೂ ಎಚ್ಚರ ಆಗಿಲ್ಲ."

"ಡಾಕ್ಟ್ರು ಏನಂದ್ರು?"

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಎರಡು ತಿಂಗಳು ಮೊದಲೇ ಬಂದಿದ್ರೆ ಯೋಚನೆ ಮಾಡೋ ಹಾಗೇ ಇರ್ಲಿಲ್ಲ ಅಂದ್ರು. ಈಗ, ನೋಡೋಣ ಅಂದ್ರು ಮಾಮ."

ಸಾಹೇಬರು ಫೋನು ಹಿಡಿದುಕೊಂಡೇ ಕೂತರು. ಆ ಮಾತು ಹೇಳಿದವರು ಎದ್ದು ಊಟಕ್ಕೆ ಹೋಗುತ್ತಾರೆ, ಕೇಳಿಸಿಕೊಂಡವರು ಕೂತು ಕಾಯಬೇಕಾಗುತ್ತದೆ ಎಂಬುದು ಅವರಿಗೆ ಈವರೆಗೆ ಗೊತ್ತಿರಲಿಲ್ಲ.